ಲಂಡನ್ನಿನ ಹಳೆಯ ವ್ಯಂಗ್ಯಚಿತ್ರ ಓದುವುದು ಹೇಗೆ? ಚಿತ್ರದ ಬುಡದಲ್ಲಿರುವ ಸಾಲಿನಿಂದ ಶುರು ಮಾಡಿ

ಶ್ರೀರಂಗಪಟ್ಟಣದ ಕೋಟೆ ಗೋಡೆಯ ಮೇಲೆ ಟಿಪ್ಪು ಸುಲ್ತಾನ್ ನಿಂತಿದ್ದಾನೆ. ಕೆಳಗೆ ಓಟ ಕಿತ್ತಿರುವ ಲಾರ್ಡ್ ಕಾರ್ನ್‌ವಾಲಿಸ್ ಮೇಲೆ ಮೂತ್ರ ಹೊಯ್ಯುತ್ತಿದ್ದಾನೆ. ಈ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಇದನ್ನು ನೋಡಿದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಇದು ನಿಜಕ್ಕೂ ಆ ಕಾಲದ್ದಾ? ಬಿಡಿಸಿದವನು ಇಂಗ್ಲಿಷಿನವನೇ ಆದರೆ ತಮ್ಮದೇ ಸೇನಾಪತಿಯನ್ನು ಹೀಗೆ ಯಾಕೆ ಅವಮಾನ ಮಾಡಿದ? ಟಿಪ್ಪುವನ್ನು ಹೊಗಳಿದ್ದಾನಾ?

ಚಿತ್ರ ಅಸಲಿ. ಬಿಡಿಸಿದವನು ಜೇಮ್ಸ್ ಗಿಲ್ರೇ. 1791ರ ಡಿಸೆಂಬರ್ 6ರ ತಾರೀಖಿನಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಉಳಿದ ಎರಡು ಪ್ರಶ್ನೆಗೆ ಇಲ್ಲೇ ಒಂದೊಂದು ಸಾಲಿನ ಉತ್ತರ ಕೊಟ್ಟುಬಿಡಬಹುದು. ಆದರೆ ನಾಳೆ ಇನ್ನೊಂದು ಚಿತ್ರ ಬರುತ್ತದೆ. ಅದರಲ್ಲಿ ಮನುಷ್ಯನ ಮುಖದ ಆನೆ ಇರುತ್ತದೆ, ಇಲ್ಲವೇ ಬೆಂಕಿಗೆ ಬಿದ್ದ ಬೂಟು ಇರುತ್ತದೆ. ಆಗ ಮತ್ತೆ ಕೇಳಬೇಕಾಗುತ್ತದೆ. ಅದಕ್ಕೇ ಇಂಥ ಯಾವ ಚಿತ್ರವನ್ನಾದರೂ ನೀವೇ ಓದಿಕೊಳ್ಳುವ ದಾರಿಯನ್ನು ಬರೆದಿದ್ದೇನೆ.

ಶುರುವಿನಲ್ಲೇ ಒಂದು ಮಾತು. ಈ ಚಿತ್ರಗಳನ್ನು ಮಾಡಿದ್ದು ನಮಗಾಗಿ ಅಲ್ಲ. ಆ ವಾರದ ಸುದ್ದಿ ಗೊತ್ತಿದ್ದವರಿಗಾಗಿ. ಚಿತ್ರ ಯಾವ ವಾರದ್ದು ಅಂತ ಹಿಡಿದರೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಿಡಿಯದಿದ್ದರೆ ನಾವು ಹೇಳುವುದೆಲ್ಲ ಸುಮ್ನೆ ಊಹೆ.

ಮೊದಲು ಕೆಲವು ಪದ

ಕಾರ್ಟೂನ್ ಅನ್ನುವ ಪದಕ್ಕೆ ಆಗ ಈಗಿನ ಅರ್ಥ ಇರಲಿಲ್ಲ. 1843ರಲ್ಲಿ ‘ಪಂಚ್’ ಅನ್ನುವ ಲಂಡನ್ ವಾರಪತ್ರಿಕೆ ಅದನ್ನು ವ್ಯಂಗ್ಯಚಿತ್ರಕ್ಕೆ ಬಳಸಿತು. ಆಮೇಲೆ ಅದು ರೂಢಿಯಾಯಿತು. ಹದಿನೆಂಟನೇ ಶತಮಾನದವರು ಕ್ಯಾರಿಕೇಚರ್ ಅನ್ನುತ್ತಿದ್ದರು. ಒಬ್ಬರ ಮೂಗನ್ನೋ ಹೊಟ್ಟೆಯನ್ನೋ ಹುಬ್ಬನ್ನೋ ಹಿಗ್ಗಿಸಿ, ನೋಡಿದ ಕೂಡಲೇ ಗುರುತು ಸಿಗುವಂತೆ ಬಿಡಿಸುವುದು.

ಎಚಿಂಗ್ ಅಂದರೆ ಆಸಿಡ್‌ನಿಂದ ಕೊರೆದು ಮಾಡುವ ಅಚ್ಚು. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಬಿಡಿಸುತ್ತಾರೆ. ತಗಡಿಗೆ ಆಸಿಡ್ ತಾಗಿಸಿದರೆ ಲೇಪ ಕಿತ್ತುಹೋದ ಕಡೆ ಮಾತ್ರ ತಾಮ್ರ ಸವೆದು ಗೀರಾಗುತ್ತದೆ. ಆ ಗೀರಿಗೆ ಮಸಿ ತುಂಬಿ, ಒದ್ದೆ ಕಾಗದ ಇಟ್ಟು, ರೋಲರ್ ಕೆಳಗೆ ಒತ್ತಿದರೆ ಚಿತ್ರ ಬರುತ್ತದೆ. ತಗಡಿನ ಎಡಭಾಗ ಕಾಗದದಲ್ಲಿ ಬಲಕ್ಕೆ ಬರುತ್ತದೆ. ಹಾಗಾಗಿ ಕಲಾವಿದ ಅಕ್ಷರಗಳನ್ನೂ ತಿರುಗುಮುರುಗಾಗಿ ಬರೆಯಬೇಕಿತ್ತು. ಬಣ್ಣವನ್ನು ಕೊನೆಗೆ ಒಂದೊಂದೇ ಹಾಳೆಗೆ ಕೈಯಿಂದ ಹಚ್ಚುತ್ತಿದ್ದರು.

ಹೀಗೆ ತಯಾರಾದ ಬಿಡಿ ಹಾಳೆಗೆ ನಾನು ಅಚ್ಚುಚಿತ್ರ ಅನ್ನುತ್ತೇನೆ. ಇವು ಪತ್ರಿಕೆಯೊಳಗೆ ಬರುತ್ತಿರಲಿಲ್ಲ. ‘ಆಗಿನ ಬ್ರಿಟಿಷ್ ಪತ್ರಿಕೆಯಲ್ಲಿ ಬಂದ ಕಾರ್ಟೂನ್’ ಅಂತ ಯಾರಾದರೂ ಬರೆದಿದ್ದರೆ ಅವರು ಮೂಲ ನೋಡಿಲ್ಲ ಅಂತಲೇ ಅರ್ಥ. ಇವನ್ನು ಮಾರಲು ಲಂಡನ್ನಿನಲ್ಲಿ ಬೇರೆಯೇ ಅಂಗಡಿಗಳಿದ್ದವು. ಹ್ಯಾನಾ ಹಂಫ್ರಿ ಅನ್ನುವ ಹೆಂಗಸಿನ ಅಂಗಡಿ ಅದರಲ್ಲಿ ತುಂಬ ಹೆಸರಾದದ್ದು. ಗಿಲ್ರೇ ವರ್ಷಗಟ್ಟಲೆ ಅವರಿಗಾಗಿಯೇ ಕೆಲಸ ಮಾಡಿದ, ಅವರ ಅಂಗಡಿಯ ಮನೆಯಲ್ಲೇ ಇದ್ದ.

ಏನೇನು ಬೇಕು

ದೊಡ್ಡದು ಮಾಡಿದರೂ ಒಡೆಯದ ಚಿತ್ರ ಬೇಕು, ಒಂದು ನೋಟ್‌ಬುಕ್ ಬೇಕು. ಸಮಯ ಒಂದು ಗಂಟೆ. ಚಿತ್ರಕ್ಕೆ ಬ್ರಿಟಿಷ್ ಮ್ಯೂಸಿಯಂನ ಆನ್‌ಲೈನ್ ಸಂಗ್ರಹಕ್ಕೆ ಹೋಗಿ. ದುಡ್ಡು ಕೊಡಬೇಕಿಲ್ಲ. ಅಲ್ಲಿಯ ವ್ಯಂಗ್ಯಚಿತ್ರಗಳ ಪಟ್ಟಿಯ ಕೆಲಸ 1870ರಲ್ಲಿ ಫ್ರೆಡರಿಕ್ ಜಾರ್ಜ್ ಸ್ಟೀಫನ್ಸ್ ಅವರಿಂದ ಶುರುವಾಗಿ, 1954ರಲ್ಲಿ ಡೊರೊಥಿ ಜಾರ್ಜ್ ಅವರಿಂದ ಮುಗಿಯಿತು. 17,000ಕ್ಕೂ ಹೆಚ್ಚು ಚಿತ್ರಗಳಿಗೆ ಒಂದೊಂದು ನಂಬರ್, ಒಂದೊಂದು ವಿವರಣೆ ಇದೆ. ಒಬ್ಬ ಹೆಣ್ಣುಮಗಳು ದಶಕಗಳ ಕಾಲ ಕೂತು ಯಾವ ಮೂಗು ಯಾರದು, ಯಾವ ಮಾತು ಯಾವ ಭಾಷಣದ್ದು ಅಂತ ಬರೆದಿಟ್ಟಿರುವುದು ನಮಗೆ ಎಷ್ಟು ದೊಡ್ಡ ಉಪಕಾರ ಅನ್ನುವುದು ಬಳಸಿದಾಗಲೇ ಗೊತ್ತಾಗುತ್ತದೆ. ಅಲ್ಲಿ ಸಿಗದಿದ್ದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನೋಡಿ, ಯೇಲ್ ವಿಶ್ವವಿದ್ಯಾಲಯದ ಲೂಯಿಸ್ ವಾಲ್ಪೋಲ್ ಲೈಬ್ರರಿ ನೋಡಿ.

ಒಂದು ಕೋರಿಕೆ. ಮ್ಯೂಸಿಯಂನ ವಿವರಣೆಯನ್ನು ಮೊದಲೇ ಓದಬೇಡಿ. ಆರನೇ ಹಂತದವರೆಗೆ ಕಾಯಿರಿ. ಮೊದಲೇ ಓದಿದರೆ ನಿಮ್ಮ ಕಣ್ಣು ಅದು ಹೇಳಿದ್ದನ್ನು ಮಾತ್ರ ನೋಡುತ್ತದೆ.

ಹಂತ 1: ಪೂರ್ತಿ ಹಾಳೆ ಹುಡುಕಿ

ಫೋನಿಗೆ ಬರುವ ಚಿತ್ರದ ಅಂಚುಗಳನ್ನು ಯಾರೋ ಕತ್ತರಿಸಿರುತ್ತಾರೆ. ಹೆಚ್ಚಾಗಿ ಹೋಗುವುದೇ ಕೆಳಗಿನ ಅಂಚು, ನಮಗೆ ಎಲ್ಲಕ್ಕಿಂತ ಬೇಕಾದದ್ದೂ ಅದೇ. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಬಳಸಿ, ಯಾವುದಾದರೂ ಮ್ಯೂಸಿಯಂ ಪುಟ ಸಿಗುವವರೆಗೆ ಹೋಗಿ. ಹಾಳೆಯ ನಾಲ್ಕೂ ಕಡೆ ತಾಮ್ರದ ತಗಡು ಒತ್ತಿದ ಗೆರೆ ಕಂಡರೆ ಪೂರ್ತಿ ಸಿಕ್ಕಿತು ಅಂತ ತಿಳಿಯಿರಿ. ಮೂಲ ಹಾಳೆಯನ್ನೇ ಹಿಂದೆ ಯಾರೋ ಕತ್ತರಿಸಿದ್ದರೆ ಅದೇ ಚಿತ್ರದ ಬೇರೆ ಪ್ರತಿ ನೋಡಿ. ಒಂದೇ ಚಿತ್ರ ಎರಡು ಮೂರು ಸಂಗ್ರಹಗಳಲ್ಲಿ ಇರುತ್ತದೆ.

ಹಂತ 2: ಕೆಳಗಿನ ಸಾಲು ಓದಿ

ಚಿತ್ರದ ಬುಡದಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ. ಅದು ಪ್ರಕಟಣೆಯ ಸಾಲು. ತಾರೀಖು, ಪ್ರಕಾಶಕರ ಹೆಸರು, ಅಂಗಡಿಯ ವಿಳಾಸ ಮೂರೂ ಅಲ್ಲೇ ಸಿಗುತ್ತವೆ.

ಇಷ್ಟು ಅಚ್ಚುಕಟ್ಟಾಗಿ ಯಾಕೆ ಬರೆದರು? ಕಾನೂನು ಹಾಗಿತ್ತು. ವಿಲಿಯಂ ಹೋಗಾರ್ತ್ ಅನ್ನುವ ಕಲಾವಿದ ತನ್ನ ಚಿತ್ರಗಳ ನಕಲಿನಿಂದ ಬೇಸತ್ತು, ಬೇರೆಯವರ ಜೊತೆ ಸೇರಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. 1735ರಲ್ಲಿ ಅಚ್ಚುಚಿತ್ರಗಳಿಗೆ 14 ವರ್ಷದ ಹಕ್ಕು ಕೊಡುವ ಕಾನೂನು ಜಾರಿಗೆ ಬಂತು. 1767ರಲ್ಲಿ ಅದನ್ನು 28 ವರ್ಷಕ್ಕೆ ಏರಿಸಿದರು. ಆ ಹಕ್ಕು ಬೇಕಾದರೆ ತಗಡಿನ ಮೇಲೆಯೇ ಒಡೆಯನ ಹೆಸರು ಮತ್ತು ಪ್ರಕಟಣೆಯ ದಿನ ಇರಬೇಕಿತ್ತು. ಕಲಾವಿದರ ಹೊಟ್ಟೆಪಾಡಿಗಾಗಿ ಬಂದ ಕಾನೂನು ಇಂದು ನಮಗೆ ತಾರೀಖು ಕೊಡುತ್ತಿದೆ. ಬೇರೆ ದೇಶದ, ಬೇರೆ ಕಾಲದ ಎಷ್ಟೋ ಚಿತ್ರಗಳಿಗೆ ಇಷ್ಟು ಖಚಿತವಾದ ದಿನ ಸಿಗುವುದಿಲ್ಲ.

ವಿಳಾಸವೂ ಕೆಲಸಕ್ಕೆ ಬರುತ್ತದೆ. ಹಂಫ್ರಿ ಅವರ ಅಂಗಡಿ 27, ಸೇಂಟ್ ಜೇಮ್ಸ್ ಸ್ಟ್ರೀಟ್‌ಗೆ ಹೋದದ್ದು 1797ರಲ್ಲಿ. ತಾರೀಖು ಅಳಿಸಿಹೋಗಿ ಆ ವಿಳಾಸ ಮಾತ್ರ ಉಳಿದಿದ್ದರೂ ಹಾಳೆ ಅದಕ್ಕಿಂತ ಹಿಂದಿನದಲ್ಲ ಅಂತ ಹೇಳಬಹುದು.

ಕಲಾವಿದನ ಹೆಸರಿನ ಪಕ್ಕ ತುಂಡು ಲ್ಯಾಟಿನ್ ಪದಗಳಿರುತ್ತವೆ. ‘ಇನ್ವ್’ ಅಂದರೆ ಕಲ್ಪನೆ ಇವರದು. ‘ಡೆಲ್’ ಅಂದರೆ ಬಿಡಿಸಿದ್ದು ಇವರು. ‘ಸ್ಕಲ್ಪ್’ ಅಂದರೆ ತಗಡು ಕೊರೆದದ್ದು ಇವರು. ‘ಫೆಕ್ಟ್’ ಅಂದರೆ ಮಾಡಿದ್ದು ಇವರು. ಒಂದೇ ಹಾಳೆಯಲ್ಲಿ ಎರಡು ಹೆಸರು ಇರಬಹುದು, ಒಂದೂ ಇಲ್ಲದೆಯೂ ಇರಬಹುದು. ಕಲ್ಪನೆ ಒಬ್ಬ ಶ್ರೀಮಂತ ಹವ್ಯಾಸಿಯದಾಗಿ, ಕೈಕೆಲಸ ಮಾತ್ರ ವೃತ್ತಿಗಾರನದ್ದಾಗಿರುವುದು ಮಾಮೂಲು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಕೆಳಗೆ ಬರೆದಿರುವುದು ಚಿತ್ರ ಹೊರಬಂದ ದಿನ, ಘಟನೆ ನಡೆದ ದಿನ ಅಲ್ಲ. ಲಂಡನ್ನಿನ ಸುದ್ದಿಯಾದರೆ ಇವೆರಡರ ನಡುವೆ ಕೆಲವೇ ದಿನಗಳ ಅಂತರ. ಇಂಡಿಯಾದ ಸುದ್ದಿಯಾದರೆ ತಿಂಗಳುಗಳು, ಯಾಕೆಂದರೆ ಹಡಗು ಆಫ್ರಿಕಾ ಸುತ್ತಿ ಹೋಗಬೇಕು. ಟಿಪ್ಪು ಚಿತ್ರ ತಲೆಕೆಳಗಾಗುವುದೇ ಇಲ್ಲಿ. ಅದಕ್ಕೆ ಆರನೇ ಹಂತದಲ್ಲಿ ಬರುತ್ತೇನೆ.

ಹಂತ 3: ಶೀರ್ಷಿಕೆ ಮತ್ತು ಮಾತುಗಳನ್ನು ಬರೆದುಕೊಳ್ಳಿ

ಚಿತ್ರದಲ್ಲಿರುವ ಒಂದೊಂದು ಅಕ್ಷರವನ್ನೂ ಬರೆದುಕೊಳ್ಳಿ. ಬಾಯಿಂದ ಹೊರಡುವ ಗುಳ್ಳೆಯೊಳಗಿನ ಮಾತು, ಕೈಯಲ್ಲಿರುವ ಕಾಗದದ ಮೇಲಿನ ಬರಹ, ನೆಲಕ್ಕೆ ಬಿದ್ದ ಪುಸ್ತಕದ ಹೆಸರು, ಅಂಗಡಿ ಬೋರ್ಡು ಯಾವುದನ್ನೂ ಬಿಡಬೇಡಿ. ಹುಡುಕಲು ಸುಲಭವಾದ ಸುಳಿವು ಇದರಲ್ಲೇ ಇರುತ್ತದೆ.

ಆ ಕಾಲದ ಇಂಗ್ಲಿಷಿನಲ್ಲಿ ಪದದ ಮೊದಲು ಮತ್ತು ನಡುವೆ ಬರುವ ಎಸ್ ಅಕ್ಷರ ನೋಡಲು ಎಫ್ ತರಹ ಇರುತ್ತದೆ. ಇದು ಗೊತ್ತಿಲ್ಲದೆ ಎಫ್ ಅಂತಲೇ ಟೈಪ್ ಮಾಡಿ, ಏನೂ ಸಿಗಲಿಲ್ಲ ಅಂತ ಕೈಬಿಟ್ಟವರು ಬಹಳ ಜನ. ಅರ್ಥವಿಲ್ಲದ ಪದ ಕಂಡರೆ ಮೊದಲು ಎಫ್ ತೆಗೆದು ಎಸ್ ಹಾಕಿ ನೋಡಿ.

ಶೀರ್ಷಿಕೆಗೆ ಎಷ್ಟೋ ಸಲ ಎರಡು ತುಂಡು, ನಡುವೆ ‘ಅಥವಾ’. ನಮ್ಮ ಚಿತ್ರದ ಶೀರ್ಷಿಕೆಯೂ ಹಾಗೇ: ‘ಮಾನ್ಸೂನ್ ಬಂತು, ಅಥವಾ, ಸೆರಿಂಗಪಟಂನಿಂದ ವಾಪಸಾತಿ’. ಸೆರಿಂಗಪಟಂ ಅಂದರೆ ಇಂಗ್ಲಿಷರ ಬಾಯಲ್ಲಿ ಶ್ರೀರಂಗಪಟ್ಟಣ. ಒಂದು ತುಂಡು ನೆಪ, ಇನ್ನೊಂದು ತುಂಡು ನಿಜ. ಸೇನೆ ಹಿಂದಕ್ಕೆ ಬಂದದ್ದಕ್ಕೆ ಮಳೆಗಾಲ ಕಾರಣ ಅಂತ ಸರ್ಕಾರದ ಕಡೆಯವರು ಹೇಳುತ್ತಿದ್ದರು. ಆ ಮಳೆ ಎಲ್ಲಿಂದ ಸುರಿಯಿತು ಅಂತ ಚಿತ್ರ ತೋರಿಸುತ್ತದೆ.

ಹಂತ 4: ಮುಖ ಗುರುತಿಸಿ

ಇದಕ್ಕೆ ಹೆದರಬೇಡಿ. 1780 ಮತ್ತು 90ರ ದಶಕದ ರಾಜಕೀಯ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವವರು ಏಳೆಂಟು ಮಂದಿ. ಅವರ ಗುರುತು ಕಲಿತರೆ ಅರ್ಧ ಕೆಲಸ ಮುಗಿಯಿತು.

ದಪ್ಪ ಮೈ, ಪೊದೆಯಂಥ ಕಪ್ಪು ಹುಬ್ಬು, ಬೋಳಿಸದ ಗಡ್ಡ ಇದ್ದರೆ ಅದು ಚಾರ್ಲ್ಸ್ ಜೇಮ್ಸ್ ಫಾಕ್ಸ್. ವಿಗ್ ಪಕ್ಷದ (ಆ ದಶಕಗಳಲ್ಲಿ ಹೆಚ್ಚಾಗಿ ವಿರೋಧ ಪಕ್ಷ) ನಾಯಕ. ಹೆಸರಿನ ಅರ್ಥ ನರಿ ಅಂತ, ಹಾಗಾಗಿ ಬಾಲವಿರುವ ನರಿಯಾಗಿಯೂ ಬರುತ್ತಾನೆ. ನೀಲಿ ಕೋಟು, ತಿಳಿಹಳದಿ ವೇಸ್ಟ್‌ಕೋಟು ಅವನ ಗುಂಪಿನ ಬಣ್ಣ.

ಕಡ್ಡಿಯಂಥ ಮೈ, ಮೇಲಕ್ಕೆ ಚೂಪಾದ ಮೂಗು ಇದ್ದರೆ ಕಿರಿಯ ವಿಲಿಯಂ ಪಿಟ್. 24ನೇ ವಯಸ್ಸಿಗೆ ಪ್ರಧಾನಿಯಾದವನು. ಹೆಸರಿನ ಅರ್ಥ ಹಳ್ಳ, ಅದರ ಮೇಲೆ ಶ್ಲೇಷೆ ಮಾಡದ ಕಲಾವಿದನೇ ಇಲ್ಲ.

ಕನ್ನಡಕ, ಉದ್ದ ಮೂಗು, ಕ್ಯಾಥೊಲಿಕ್ ಪಾದ್ರಿಯ ಟೋಪಿ ಇದ್ದರೆ ಸಂಸದ ಎಡ್ಮಂಡ್ ಬರ್ಕ್. ಅವನು ಪಾದ್ರಿಯೂ ಅಲ್ಲ, ಕ್ಯಾಥೊಲಿಕ್ಕನೂ ಅಲ್ಲ. ಐರ್ಲೆಂಡಿನವನು, ತಾಯಿ ಕ್ಯಾಥೊಲಿಕ್. ವಿರೋಧಿಗಳಿಗೆ ಅಷ್ಟು ಸಾಕಾಯಿತು. ಈ ಟೋಪಿ ಕಂಡಾಗ ಅದು ಸತ್ಯ ಅಂತ ಓದಬೇಡಿ, ಆರೋಪ ಅಂತ ಓದಿ.

ಉಬ್ಬಿದ ಕಣ್ಣು, ಊದಿದ ಕೆನ್ನೆ, ಕೂತಲ್ಲೇ ನಿದ್ದೆ ಅಂದರೆ ಹಿಂದೆ ಪ್ರಧಾನಿಯಾಗಿದ್ದ ಲಾರ್ಡ್ ನಾರ್ತ್. ಸ್ಕಾಟ್ಲೆಂಡಿನ ಚೌಕಳಿ ಬಟ್ಟೆ ತೊಟ್ಟವನು ಹೆನ್ರಿ ಡಂಡಾಸ್, ಪಿಟ್ ಸರ್ಕಾರದಲ್ಲಿ ಇಂಡಿಯಾ ವಿಷಯ ನೋಡಿಕೊಳ್ಳುತ್ತಿದ್ದವನು. ಕೆಂಪು ಮೂಗಿನವನು ನಾಟಕಕಾರ, ಸಂಸದ ಷೆರಿಡನ್. ಕಣ್ಣು ಅಗಲ ಮಾಡಿಕೊಂಡ ಸಾದಾ ಉಡುಪಿನ ರೈತ ಮೂರನೇ ಜಾರ್ಜ್ ದೊರೆಯೇ ಇರಬಹುದು. ದಪ್ಪನೆಯ ಹಳ್ಳಿಗನ ಹೆಸರು ಜಾನ್ ಬುಲ್ ಅಂತಿದ್ದರೆ ಅವನು ನಿಜವಾದ ಮನುಷ್ಯನಲ್ಲ. ತೆರಿಗೆ ಕಟ್ಟುವ ಸಾಮಾನ್ಯ ಇಂಗ್ಲಿಷಿನವನ ಗುರುತು.

ಇದೆಲ್ಲ ಲಂಡನ್ನಿನವರಿಗೆ ಮಾತ್ರ ಅನ್ವಯ. ದೂರದವರ ಮುಖ ನಂಬಬೇಡಿ. ಗಿಲ್ರೇ ಇಂಡಿಯಾಕ್ಕೆ ಬಂದವನಲ್ಲ, ಟಿಪ್ಪುವನ್ನು ಕಂಡವನಲ್ಲ. ‘ಪೂರ್ವದ ರಾಜ’ ಹೀಗಿರುತ್ತಾನೆ ಅಂತ ಲಂಡನ್ನಿನವರ ತಲೆಯಲ್ಲಿದ್ದ ರೂಪವನ್ನೇ ಬಿಡಿಸಿದ್ದಾನೆ. ಟಿಪ್ಪು ಹೇಗಿದ್ದ ಅನ್ನುವುದಕ್ಕೆ ಈ ಚಿತ್ರವನ್ನು ಸಾಕ್ಷಿಯಾಗಿ ತರುವುದು ತಪ್ಪು.

ಹಂತ 5: ವಸ್ತುಗಳನ್ನು ಬಿಡಿಬಿಡಿಯಾಗಿ ನೋಡಿ

ಮನುಷ್ಯರನ್ನು ಬಿಟ್ಟು ಉಳಿದದ್ದನ್ನೆಲ್ಲ ಈಗ ಪಟ್ಟಿ ಮಾಡಿ. ಸುಮ್ನೆ ಜಾಗ ತುಂಬಲು ಹಾಕಿದ ವಸ್ತು ಕಡಿಮೆ.

1760ರ ದಶಕದ ಚಿತ್ರದಲ್ಲಿ ದೊಡ್ಡ ಬೂಟು ಕಂಡರೆ ಅದು ಪ್ರಧಾನಿ ಲಾರ್ಡ್ ಬ್ಯೂಟ್. ಹೆಸರೂ ಬೂಟೂ ಕೇಳಲು ಒಂದೇ ತರಹ. ಪಕ್ಕದಲ್ಲಿ ಹೆಂಗಸರ ಲಂಗ ಇದ್ದರೆ ಅದು ದೊರೆಯ ತಾಯಿ ಅಗಸ್ಟಾ. ಇಬ್ಬರ ನಡುವೆ ಸಂಬಂಧ ಇದೆ ಅಂತ ಊರೆಲ್ಲ ಆಡಿಕೊಳ್ಳುತ್ತಿತ್ತು. ಜನ ಬೂಟು ಮತ್ತು ಲಂಗವನ್ನು ಬೀದಿಯಲ್ಲಿ ಸುಟ್ಟದ್ದೂ ಉಂಟು.

ಊಟದ ತಟ್ಟೆಯನ್ನು ಎಂದೂ ದಾಟಿ ಹೋಗಬೇಡಿ. ಸುಟ್ಟ ದನದ ಮಾಂಸ ಅಂದರೆ ಇಂಗ್ಲೆಂಡ್, ಹೊಟ್ಟೆ ತುಂಬಿದ ನಾಡು. ಕಪ್ಪೆ, ನೀರು ಸಾರು, ಮರದ ಚಪ್ಪಲಿ ಅಂದರೆ ಫ್ರಾನ್ಸ್, ಬಡತನ. 1792ರ ಡಿಸೆಂಬರ್ 21ರಂದು ಗಿಲ್ರೇ ಒಂದು ಜೋಡಿ ಚಿತ್ರ ತಂದ. ಒಂದು ಕಡೆ ಹಸಿ ಈರುಳ್ಳಿ ಕಡಿಯುತ್ತ ಸ್ವಾತಂತ್ರ್ಯವನ್ನು ಕೊಂಡಾಡುವ ಬಡಕಲು ಫ್ರೆಂಚಿನವನು. ಇನ್ನೊಂದು ಕಡೆ ಮಾಂಸದ ಮುದ್ದೆಗೆ ಚಾಕು ಹಾಕುತ್ತ, ತೆರಿಗೆಯಿಂದ ಸತ್ತೆವು ಅಂತ ಗೊಣಗುವ ಕೊಬ್ಬಿದ ಇಂಗ್ಲಿಷಿನವನು. ಇಬ್ಬರಿಗೂ ಏಟು ಬಿದ್ದಿದೆ, ಅಲ್ವಾ? ಆರು ವಾರದ ಒಳಗೆ ಎರಡೂ ದೇಶಗಳ ನಡುವೆ ಯುದ್ಧ ಶುರುವಾಯಿತು.

ಒಂದೇ ವಸ್ತುವಿನ ಅರ್ಥ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಇದನ್ನು ಗಟ್ಟಿಯಾಗಿ ನೆನಪಿಡಿ. ಸ್ವಾತಂತ್ರ್ಯದ ಟೋಪಿಯನ್ನೇ ತೆಗೆದುಕೊಳ್ಳಿ. 1763ರಲ್ಲಿ ಹೋಗಾರ್ತ್, ಸರ್ಕಾರವನ್ನು ಟೀಕಿಸುತ್ತಿದ್ದ ಸಂಸದ ಜಾನ್ ವಿಲ್ಕ್ಸ್‌ನ ಚಿತ್ರ ಮಾಡಿದಾಗ ಕೋಲಿಗೆ ಸಿಕ್ಕಿಸಿದ ಆ ಟೋಪಿ ಇಂಗ್ಲಿಷರ ಹಳೆಯ ಹಕ್ಕಿನ ಗುರುತಾಗಿತ್ತು. ಅದನ್ನು ವಿಲ್ಕ್ಸ್ ಕೈಗೆ ಕೊಟ್ಟು, ಅವನ ಮೆಳ್ಳೆಗಣ್ಣನ್ನೂ ಬಿಡದೆ ತೋರಿಸಿ, ಇವನ ಸ್ವಾತಂತ್ರ್ಯದ ಮಾತು ನಂಬಬೇಡಿ ಅಂದ ಹೋಗಾರ್ತ್. ಮೂವತ್ತು ವರ್ಷ ಬಿಟ್ಟು ನೋಡಿದರೆ ಅಂಥದೇ ಟೋಪಿ ಕೆಂಪಾಗಿ ಪ್ಯಾರಿಸ್ಸಿನ ಕ್ರಾಂತಿಯ ಗುರುತಾಗಿದೆ. ಫಾಕ್ಸ್ ತಲೆಯ ಮೇಲೆ ಅದನ್ನು ಹಾಕಿದರೆ ದೇಶದ್ರೋಹಿ ಅಂದಂತೆ. ಎರಡನೇ ಹಂತ ಹಾರಿಸಿ ಇಲ್ಲಿಗೆ ಬಂದವರು ಈ ಎರಡು ಟೋಪಿಗಳನ್ನು ಒಂದೇ ಅಂದುಕೊಳ್ಳುತ್ತಾರೆ.

ಬಣ್ಣದ ವಿಷಯ. ಕೈಯಿಂದ ಹಚ್ಚುತ್ತಿದ್ದುದರಿಂದ ಒಂದು ಪ್ರತಿಯಲ್ಲಿ ಹಸಿರಾಗಿರುವ ಕೋಟು ಇನ್ನೊಂದರಲ್ಲಿ ಕೆಂಪಾಗಿರಬಹುದು. ಎರಡು ಪ್ರತಿ ನೋಡದೆ ಬಣ್ಣಕ್ಕೆ ಅರ್ಥ ಹೇಳಬೇಡಿ.

ಹಂತ 6: ಆ ವಾರಕ್ಕೆ ಹೋಗಿ

ಈಗ ತಾರೀಖು, ಹೆಸರು, ಮಾತು, ವಸ್ತು ಎಲ್ಲ ನಿಮ್ಮ ಕೈಯಲ್ಲಿವೆ. ಆ ದಿನಕ್ಕಿಂತ ಎರಡು ಮೂರು ವಾರ ಹಿಂದೆ ಹೋಗಿ, ಪಾರ್ಲಿಮೆಂಟಿನಲ್ಲಿ ಏನು ನಡೆಯುತ್ತಿತ್ತು, ಹೊರಗಿನಿಂದ ಯಾವ ಸುದ್ದಿ ಬಂದಿತ್ತು ಅಂತ ನೋಡಿ. ಮ್ಯೂಸಿಯಂನ ವಿವರಣೆಯನ್ನು ಈಗ ತೆರೆಯಿರಿ.

ಟಿಪ್ಪು ಚಿತ್ರವನ್ನೇ ಮಾಡಿ ನೋಡೋಣ. ಪ್ರಕಟವಾದದ್ದು 1791ರ ಡಿಸೆಂಬರ್ 6. ಘಟನೆ ನಡೆದದ್ದು ಅದೇ ವರ್ಷದ ಮೇ ತಿಂಗಳು. ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆ ಹಿಡಿದಿದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಬಂದ. ಮೇ 15ರಂದು ಅರಕೆರೆ ಹತ್ತಿರ ನಡೆದ ಯುದ್ಧದಲ್ಲಿ ಗೆದ್ದ. ಆದರೆ ಸೇನೆಗೆ ತಿನ್ನಲು ಅಕ್ಕಿ ಇಲ್ಲ, ತೋಪು, ಅಂದರೆ ಫಿರಂಗಿ, ಎಳೆಯಲು ಎತ್ತುಗಳಿಲ್ಲ. ರೋಗಕ್ಕೆ, ಹಸಿವಿಗೆ ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಮಳೆ ಬೇರೆ ಹಿಡಿಯಿತು. ಕೋಟೆ ಒಡೆಯಲು ತಂದ ದೊಡ್ಡ ತೋಪುಗಳನ್ನು ಕನ್ನಂಬಾಡಿಯ ಹತ್ತಿರ ತಾನೇ ಹಾಳುಮಾಡಿ ಹಿಂದಕ್ಕೆ ನಡೆದ. ಇಂದು ಕೆಆರ್‌ಎಸ್ ಅಣೆಕಟ್ಟು ಇರುವ ಕನ್ನಂಬಾಡಿಯೇ ಅದು.

ಈ ಸುದ್ದಿ ಲಂಡನ್ನಿಗೆ ಮುಟ್ಟಲು ತಿಂಗಳುಗಳೇ ಹಿಡಿದವು. ಗಿಲ್ರೇ ನಗಿಸುತ್ತಿದ್ದುದು ಆ ಹಳೆಯ ಸುದ್ದಿಗೆ. ಅಷ್ಟರಲ್ಲಿ ಇಲ್ಲಿ ಏನಾಗಿತ್ತು ಗೊತ್ತಾ? ಅಕ್ಟೋಬರ್‌ನಲ್ಲಿ ನಂದಿದುರ್ಗ ಕಾರ್ನ್‌ವಾಲಿಸ್ ಕೈಸೇರಿತ್ತು. ಚಿತ್ರ ಹೊರಬಂದ ಹದಿನೈದು ದಿನಕ್ಕೆ, ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಫೆಬ್ರವರಿಯಲ್ಲಿ ಅವನು ಮತ್ತೆ ಶ್ರೀರಂಗಪಟ್ಟಣದ ಎದುರಿಗಿದ್ದ. 1792ರ ಮಾರ್ಚ್ ಹೊತ್ತಿಗೆ ಒಪ್ಪಂದ ಮುಗಿದು ಟಿಪ್ಪು ಅರ್ಧ ರಾಜ್ಯವನ್ನೂ, ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕೊಟ್ಟಿದ್ದ. ಇಲ್ಲಿ ಯುದ್ಧದ ದಿಕ್ಕು ಬದಲಾದ ಮೇಲೆ ಲಂಡನ್ನಿನ ಜನ ಕಾರ್ನ್‌ವಾಲಿಸ್ ಓಡಿಹೋದ ಅಂತ ನಗುತ್ತಿದ್ದರು. ಚಿತ್ರದ ತಾರೀಖನ್ನು ಘಟನೆಯ ತಾರೀಖು ಅಂದುಕೊಂಡರೆ ಇಷ್ಟೂ ತಪ್ಪಿಹೋಗುತ್ತದೆ.

ಇನ್ನು ಮೊದಲಿನ ಪ್ರಶ್ನೆ. ತಮ್ಮವನನ್ನೇ ಯಾಕೆ ಹೀಗೆ ಬಿಡಿಸಿದ? ಕಾರ್ನ್‌ವಾಲಿಸ್ ಅಂದ ಕೂಡಲೇ ಲಂಡನ್ನಿನವರಿಗೆ ನೆನಪಾಗುತ್ತಿದ್ದುದು ಯಾರ್ಕ್‌ಟೌನ್. 1781ರಲ್ಲಿ ಅಮೆರಿಕದಲ್ಲಿ ಸೇನೆ ಸಮೇತ ಶರಣಾದವನು ಅವನೇ. ಹತ್ತು ವರ್ಷದ ಮೇಲೆ ಅದೇ ಮನುಷ್ಯ ಮತ್ತೆ ಸೋತ ಅನ್ನುವ ಭಾವನೆ ಇತ್ತು. ಜೊತೆಗೆ ಮೈಸೂರಿನ ಯುದ್ಧವನ್ನು ವಿರೋಧ ಪಕ್ಷ ಪಾರ್ಲಿಮೆಂಟಿನಲ್ಲಿ ಟೀಕಿಸುತ್ತಿತ್ತು. ಕಾರ್ನ್‌ವಾಲಿಸ್ ಮೇಲೆ ಬಿದ್ದದ್ದು ಪಿಟ್ ಸರ್ಕಾರಕ್ಕೂ ತಾಗುತ್ತದೆ.

ಟಿಪ್ಪುವನ್ನು ಹೊಗಳಿದ್ದಾನಾ? ನನ್ನ ಓದಿನಲ್ಲಿ ಇಲ್ಲ. ಕಾರ್ನ್‌ವಾಲಿಸ್‌ಗೆ ಹೊಡೆಯಲು ಸಿಕ್ಕ ಕೋಲು ಟಿಪ್ಪು. ಆದರೆ ಆ ಕೋಲು ಚಿಕ್ಕದಾಗಿರಲಿಲ್ಲ ಅನ್ನುವುದೂ ನಿಜ. ಲಂಡನ್ನಿನ ಬೀದಿಯಲ್ಲಿ ಹೋಗುವವನಿಗೂ ವಿವರಣೆ ಬೇಡದಷ್ಟು ಟಿಪ್ಪುವಿನ ಹೆಸರು, ಶ್ರೀರಂಗಪಟ್ಟಣದ ಹೆಸರು ಅಲ್ಲಿ ಪರಿಚಿತವಾಗಿದ್ದವು. ಈ ಚಿತ್ರ ಸಾಕ್ಷಿ ಹೇಳುವುದು ಅದಕ್ಕೆ.

ಹಂತ 7: ಯಾರ ದುಡ್ಡು, ಯಾರ ಕಣ್ಣು

ಬಣ್ಣವಿಲ್ಲದ ಸಣ್ಣ ಹಾಳೆ ಆರು ಪೆನ್ಸ್‌ಗೆ ಸಿಗುತ್ತಿತ್ತು. ಬಣ್ಣದ ದೊಡ್ಡ ಹಾಳೆಗೆ ಒಂದೆರಡು ಷಿಲಿಂಗ್ (ಹನ್ನೆರಡು ಪೆನ್ಸ್‌ಗೆ ಒಂದು ಷಿಲಿಂಗ್). ಕೂಲಿಯವನಿಗೆ ಒಂದು ಷಿಲಿಂಗ್ ಅಂದರೆ ಸುಮಾರು ಒಂದು ದಿನದ ದುಡಿಮೆ. ಕೊಳ್ಳುತ್ತಿದ್ದವರು ಉಳ್ಳವರೇ. ಆದರೆ ಅಂಗಡಿಯ ಗಾಜಿನ ಕಿಟಕಿಗೆ ಹೊಸ ಚಿತ್ರ ಅಂಟಿಸುತ್ತಿದ್ದರು, ಅಲ್ಲಿ ಗುಂಪು ನಿಂತು ನೋಡುತ್ತಿತ್ತು. ಫೋರ್ಸ್ ಅನ್ನುವ ಅಂಗಡಿಯವನು ಒಂದು ಸಂಜೆಯ ಮಟ್ಟಿಗೆ ಚಿತ್ರಗಳ ಕಟ್ಟನ್ನು ಬಾಡಿಗೆಗೂ ಕೊಡುತ್ತಿದ್ದ. ಹಾಗಾಗಿ ‘ಇದು ಜನಸಾಮಾನ್ಯರ ದನಿ’ ಅಂತ ಸುಲಭವಾಗಿ ಬರೆಯಬೇಡಿ. ಬಡವರು ಇವನ್ನು ನೋಡಿಯೇ ಇರಲಿಲ್ಲ ಅಂತಲೂ ಬರೆಯಬೇಡಿ.

ಕಲಾವಿದರ ಹಿಂದೆ ದುಡ್ಡೂ ಇತ್ತು. 1797ರಿಂದ ಕೆಲವು ವರ್ಷ ಗಿಲ್ರೇಗೆ ಸರ್ಕಾರದ ಕಡೆಯಿಂದ ಗುಟ್ಟಾಗಿ ವರ್ಷಾಶನ ಬರುತ್ತಿತ್ತು. ಅದೇ ವರ್ಷದ ಮೇ 22ರ ಚಿತ್ರದಲ್ಲಿ ಅವನು ಪಿಟ್‌ನನ್ನು ಬಿಟ್ಟಿರಲಿಲ್ಲ. ಕಾಗದದ ನೋಟುಗಳ ಉಡುಪು ತೊಟ್ಟು ಪೆಟ್ಟಿಗೆಯ ಮೇಲೆ ಕೂತ ಮುದುಕಿ ಬ್ಯಾಂಕ್ ಆಫ್ ಇಂಗ್ಲೆಂಡ್. ಮುತ್ತು ಕೊಡುವ ನೆಪದಲ್ಲಿ ಅವಳ ಜೇಬಿಗೆ ಕೈಹಾಕುವವನು ಪಿಟ್. ಫೆಬ್ರವರಿಯಲ್ಲಿ ಬ್ಯಾಂಕು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತ್ತು, ಅದರ ಮೇಲಿನ ಸಿಟ್ಟು ಇದು. ಆ ಬ್ಯಾಂಕನ್ನು ಇಂದಿಗೂ ‘ಥ್ರೆಡ್‌ನೀಡಲ್ ಸ್ಟ್ರೀಟಿನ ಮುದುಕಿ’ ಅನ್ನುತ್ತಾರೆ. ಕಲಾವಿದನ ವರ್ಷ ನೋಡಿ, ಅವನು ಆಗ ಯಾರ ಹಂಗಿನಲ್ಲಿದ್ದ ಅಂತ ಕೇಳಿಕೊಳ್ಳಿ. ಆದರೆ ಹಂಗಿನಲ್ಲಿದ್ದ ಮಾತ್ರಕ್ಕೆ ಚಿತ್ರವನ್ನು ತಳ್ಳಿಹಾಕಬೇಡಿ.

ಹಂತ 8: ಒಂದು ಚಿತ್ರ ಪೂರ್ತಿ ಓದಿ

‘ಕಾರ್ಲೋ ಖಾನ್ ಲೆಡನ್‌ಹಾಲ್ ಸ್ಟ್ರೀಟಿಗೆ ದಿಗ್ವಿಜಯ ಪ್ರವೇಶ’ ಅನ್ನುವ ಅರ್ಥದ ಚಿತ್ರ ತೆಗೆಯಿರಿ. ಕಲಾವಿದ ಜೇಮ್ಸ್ ಸೇಯರ್ಸ್. ತಾರೀಖು 1783ರ ಡಿಸೆಂಬರ್ 5.

ಪೂರ್ವದ ಸುಲ್ತಾನನ ಉಡುಪಿನಲ್ಲಿ ಆನೆಯ ಮೇಲೆ ಕೂತವನ ಹುಬ್ಬು ನೋಡಿ. ಫಾಕ್ಸ್. ಚಾರ್ಲ್ಸ್ ಅನ್ನುವುದೇ ಕಾರ್ಲೋ ಆಗಿದೆ. ಆನೆಗೆ ಮನುಷ್ಯನ ಮುಖ ಇದೆ, ಉಬ್ಬುಗಣ್ಣು. ಲಾರ್ಡ್ ನಾರ್ತ್. ಮುಂದೆ ಕಹಳೆ ಊದುತ್ತ ಹೋಗುವವನು ಬರ್ಕ್. ಲೆಡನ್‌ಹಾಲ್ ಸ್ಟ್ರೀಟಿನಲ್ಲಿ ಇದ್ದದ್ದು ಈಸ್ಟ್ ಇಂಡಿಯಾ ಕಂಪನಿಯ ಕಚೇರಿ.

ಈಗ ಆ ವಾರ. ವರ್ಷಗಟ್ಟಲೆ ಕಚ್ಚಾಡಿದ್ದ ಫಾಕ್ಸ್ ಮತ್ತು ನಾರ್ತ್ ಆ ವರ್ಷ ಕೈಜೋಡಿಸಿ ಸರ್ಕಾರ ಮಾಡಿದ್ದರು. ಆನೆಗೆ ನಾರ್ತ್‌ನ ಮುಖ ಬಂದದ್ದು ಅದಕ್ಕೇ, ಭಾರ ಹೊರುವವನು ಅವನು, ಸವಾರಿ ಫಾಕ್ಸ್‌ನದು. ಕಂಪನಿಯ ಆಡಳಿತವನ್ನು ಏಳು ಕಮಿಷನರುಗಳ ಕೈಗೆ ಕೊಡುವ ಮಸೂದೆಯನ್ನು ಫಾಕ್ಸ್ ತಂದಿದ್ದ. ಇಂಡಿಯಾದ ಕೆಲಸ, ಸಂಬಳ, ಅಧಿಕಾರ ಎಲ್ಲ ಫಾಕ್ಸ್ ಗುಂಪಿನ ಜೇಬಿಗೆ ಹೋಗುತ್ತದೆ ಅನ್ನುವುದು ವಿರೋಧಿಗಳ ಕೂಗು. ಮಸೂದೆ ಕೆಳಮನೆಯಲ್ಲಿ ಪಾಸಾಯಿತು. ಮೇಲ್ಮನೆ ಡಿಸೆಂಬರ್ 17ರಂದು ಬೀಳಿಸಿತು. ದೊರೆ ಸರ್ಕಾರವನ್ನೇ ಕಿತ್ತುಹಾಕಿದ, ಪಿಟ್ ಪ್ರಧಾನಿಯಾದ. ಪಾರ್ಲಿಮೆಂಟಿನ ಮಾತುಗಳಿಗಿಂತ ಸೇಯರ್ಸ್ ಚಿತ್ರಗಳೇ ತನಗೆ ಜಾಸ್ತಿ ಪೆಟ್ಟು ಕೊಟ್ಟವು ಅಂತ ಫಾಕ್ಸ್ ಹೇಳಿದ್ದಾಗಿ ಆ ಕಾಲದವರು ಬರೆದಿದ್ದಾರೆ. ಪಿಟ್ ಬಂದ ಮೇಲೆ ಸೇಯರ್ಸ್‌ಗೆ ಸರ್ಕಾರಿ ಹುದ್ದೆ ಸಿಕ್ಕಿತು. ಏಳನೇ ಹಂತ ನೆನಪಿದೆಯಲ್ಲ?

ಮೂಲ ಪ್ರತಿ ಕೊಳ್ಳಬೇಕು ಅನ್ನುವವರಿಗೆ

ಗಿಲ್ರೇ ಸತ್ತದ್ದು 1815ರಲ್ಲಿ. ಅವನ ತಾಮ್ರದ ತಗಡುಗಳು ಉಳಿದಿದ್ದವು. ಬೋನ್ ಅನ್ನುವ ಪ್ರಕಾಶಕ ಅವನ್ನು ಕೊಂಡು 1850ರ ಸುಮಾರಿಗೆ ಮತ್ತೆ ಒತ್ತಿಸಿದ. ಅವುಗಳಲ್ಲಿ ಹೆಚ್ಚಿನವು ಕಪ್ಪು ಬಿಳುಪು, ಕಾಗದದ ಎರಡೂ ಕಡೆ ಚಿತ್ರ. ತಗಡು ಅಸಲಿ, ತಾರೀಖಿನ ಸಾಲೂ ಹಳೆಯದೇ, ಹಾಳೆ ಮಾತ್ರ ಅರ್ಧ ಶತಮಾನ ತಡ. ಕೊಳ್ಳುವ ಮುಂಚೆ ಹಾಳೆಯ ಹಿಂಬದಿಯ ಫೋಟೋ ಕೇಳಿ. ಚಿತ್ರದಲ್ಲಿರುವವರೆಲ್ಲ ಎಡಗೈಯಲ್ಲಿ ಕತ್ತಿ ಹಿಡಿದಿದ್ದರೆ ಅದು ಆ ಕಾಲದ ನಕಲು ಇರಬಹುದು. ಅಚ್ಚಾದ ಹಾಳೆ ನೋಡಿ ನೇರವಾಗಿ ತಗಡಿಗೆ ಇಳಿಸಿದರೆ ಎಡ ಬಲ ಅದಲುಬದಲಾಗುತ್ತದೆ.

ಅಭ್ಯಾಸಕ್ಕೆ ಗಿಲ್ರೇ 1792ರ ಜುಲೈನಲ್ಲಿ ತಂದ ಒಂದು ಜೋಡಿ ತೆಗೆದುಕೊಳ್ಳಿ. ಜುಲೈ 2ರದು ಉಂಡು ಬಿರಿದ ಯುವರಾಜನದು, ಫೋರ್ಕಿನಿಂದ ಹಲ್ಲು ಕೆದಕುತ್ತಿದ್ದಾನೆ. ಜುಲೈ 28ರದು ಬೇಯಿಸಿದ ಮೊಟ್ಟೆ ತಿನ್ನುತ್ತಿರುವ ಅವನ ಅಪ್ಪ, ಮೂರನೇ ಜಾರ್ಜ್ ದೊರೆಯದು. ಎರಡನ್ನೂ ಅಕ್ಕಪಕ್ಕ ಇಟ್ಟು, ಕೆಳಗಿನ ಸಾಲು ಓದಿ, ಆಮೇಲೆ ಊಟದ ಮೇಜಿನಿಂದ ಪಟ್ಟಿ ಶುರು ಮಾಡಿ.